ಮಳೆಯ ದಿನದ ಬಳಸುದಾರಿ

ಸೈಕಲ್ಲಿಗೆ ಗಂಟುಮೂಟೆ ಕಟ್ಟಿ ದಿನಗಟ್ಟಲೆ ದೂರ ಹೋಗುವವರಿಗೆ ಎರಡು ಸಂಗತಿ ಕಂಡರಾಗದು. ಒಂದು ಬಿಡದೆ ಸುರಿಯುವ ಮಳೆ, ಇನ್ನೊಂದು ‘ಮುಂದೆ ದಾರಿ ಮುಚ್ಚಿದೆ, ಬಳಸಿ ಹೋಗಿ’ ಎಂಬ ಫಲಕ. ಎರಡೂ ಒಂದೇ ದಿನ ಎದುರಾದರೆ ಆ ದಿನವೇ ಕೆಟ್ಟಿತು ಎಂದು ಬಹಳ ಮಂದಿ ಲೆಕ್ಕ ಹಾಕಿಬಿಡುತ್ತಾರೆ. ಅಂಥ ದಿನದ ಪರವಾಗಿ ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ನೂರಾರು ಕಿಲೋಮೀಟರ್ ಉದ್ದದ ದಾರಿಯೊಂದು ಎಷ್ಟು ಒಳ್ಳೆಯದು ಎಂದು ತಿಳಿಯಬೇಕಾದರೆ ಅದನ್ನು ಬಿಸಿಲು ಬಿದ್ದ ದಿನ ನೋಡಿ ಪ್ರಯೋಜನವಿಲ್ಲ. ಬಿಸಿಲಿನಲ್ಲಿ ಯಾವ ದಾರಿಯೂ ಚೆನ್ನ. ಮಳೆ ಹಿಡಿದ ದಿನ, ದಾರಿ ತುಂಡಾದ ಜಾಗದಲ್ಲಿ, ಅದನ್ನು ಕಟ್ಟಿದವರೂ ಕಾಯುವವರೂ ಸವಾರನ ಬಗ್ಗೆ ಏನು ಯೋಚಿಸಿದ್ದಾರೆ ಎನ್ನುವುದು ಬಯಲಾಗುತ್ತದೆ. ದಾರಿಯ ಯೋಗ್ಯತೆಯನ್ನು ಅದರ ಬಳಸುದಾರಿಯಿಂದ ಅಳೆಯಬೇಕು ಎಂಬುದು ನನ್ನ ವಾದ.

ಈ ಮಾತಿಗೆ ಆಧಾರವಾಗಿ ಒಂದೇ ದಾರಿಯನ್ನು ತೆಗೆದುಕೊಳ್ಳುತ್ತೇನೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದಿಂದ ರಾಜಧಾನಿ ವಾಷಿಂಗ್ಟನ್‌ವರೆಗೆ, ಮೋಟಾರು ಗಾಡಿಗಳ ಕಾಟ ಹೆಚ್ಚುಕಡಿಮೆ ಇಲ್ಲದೆ, ಸುಮಾರು 540 ಕಿಲೋಮೀಟರ್ ಸೈಕಲ್ಲಿನಲ್ಲಿ ಹೋಗಬಹುದು. ಇದು ಎರಡು ದಾರಿಗಳ ಜೋಡಣೆ. ಪಿಟ್ಸ್‌ಬರ್ಗಿನಿಂದ ಕಂಬರ್ಲೆಂಡ್ ಊರಿನವರೆಗಿನ 240 ಕಿಲೋಮೀಟರಿಗೆ ಗ್ರೇಟ್ ಅಲೆಘೇನಿ ಪ್ಯಾಸೇಜ್ ಎಂದು ಹೆಸರು. ರೈಲು ಓಡುವುದು ನಿಂತುಹೋದ ಹಳಿಗಳ ಜಾಗದಲ್ಲಿ ಅದನ್ನು ತುಂಡುತುಂಡಾಗಿ ಮಾಡಿದರು. ಮೊದಲ ತುಂಡು 1986ರಲ್ಲಿ ಓಹಿಯೋಪೈಲ್ ಎಂಬ ಊರಿನ ಹತ್ತಿರ ತೆರೆಯಿತು, ಕೊನೆಯ ತುಂಡು ಪಿಟ್ಸ್‌ಬರ್ಗಿನಲ್ಲಿ 2013ರಲ್ಲಿ ಕೂಡಿತು. ಕಂಬರ್ಲೆಂಡಿನಿಂದ ವಾಷಿಂಗ್ಟನ್‌ವರೆಗಿನ 297 ಕಿಲೋಮೀಟರ್ ಬೇರೆಯೇ ಜಾತಿಯದು. ಅದು ಚೆಸಪೀಕ್ ಮತ್ತು ಓಹಿಯೋ ಎಂಬ ಹಳೆಯ ಕಾಲುವೆಯ ದಂಡೆ. ಪೊಟೋಮ್ಯಾಕ್ ನದಿಯ ಪಕ್ಕದಲ್ಲೇ ತೋಡಿದ ಈ ಕಾಲುವೆಯಲ್ಲಿ ಕಲ್ಲಿದ್ದಲಿನ ದೋಣಿಗಳು ಸಾಗುತ್ತಿದ್ದವು. ದೋಣಿಗೆ ಹಗ್ಗ ಕಟ್ಟಿ ಹೇಸರಗತ್ತೆಗಳು ದಂಡೆಯ ಮೇಲೆ ನಡೆಯುತ್ತ ಎಳೆಯುತ್ತಿದ್ದವು. ಅವು ನಡೆದ ಆ ದಂಡೆಗೆ ಅಲ್ಲಿಯವರು ಟೋಪಾತ್ ಎನ್ನುತ್ತಾರೆ, ಇವತ್ತು ಸೈಕಲ್ಲುಗಳು ಓಡುವುದು ಅದರ ಮೇಲೆ. ವಾಷಿಂಗ್ಟನ್ ಸುತ್ತಮುತ್ತ, ಮೇರಿಲ್ಯಾಂಡ್ ಮತ್ತು ವರ್ಜೀನಿಯಾಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಿಗೂ ಭಾನುವಾರ ಮಕ್ಕಳೊಂದಿಗೆ ಹೋಗಿ ಬರಲು ಹತ್ತಿರದ ಜಾಗ ಅದು.

ಕಾಲುವೆಗೆ 1828ರ ಜುಲೈ 4ರಂದು ಗುದ್ದಲಿ ಪೂಜೆಯಾಯಿತು ಎನ್ನಬಹುದು. ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅವರೇ ಸಲಿಕೆ ಹಿಡಿದು ಮೊದಲ ಮಣ್ಣು ತೆಗೆದರು. ಅದೇ ದಿನ ಬಾಲ್ಟಿಮೋರಿನಲ್ಲಿ ಬಾಲ್ಟಿಮೋರ್ ಮತ್ತು ಓಹಿಯೋ ರೈಲು ಮಾರ್ಗಕ್ಕೂ ಅಡಿಗಲ್ಲು ಬಿತ್ತು. ಕಾಲುವೆ ಕಂಬರ್ಲೆಂಡ್ ಮುಟ್ಟಿದ್ದು 1850ರಲ್ಲಿ, ರೈಲು ಅದಕ್ಕೆ ಎಂಟು ವರ್ಷ ಮೊದಲೇ ಅಲ್ಲಿ ನಿಂತಿತ್ತು. ಗುಡ್ಡ ದಾಟಿ ಪಿಟ್ಸ್‌ಬರ್ಗಿನ ಓಹಿಯೋ ನದಿಯವರೆಗೆ ದೋಣಿ ಒಯ್ಯಬೇಕೆಂಬ ಮೂಲ ಆಸೆ ಅಲ್ಲಿಗೇ ಮುಗಿಯಿತು. 1924ರ ಪ್ರವಾಹದ ನಂತರ ದೋಣಿ ಸಾಗಾಟವೇ ನಿಂತಿತು, 1938ರಲ್ಲಿ ಒಕ್ಕೂಟ ಸರ್ಕಾರ 20 ಲಕ್ಷ ಡಾಲರಿಗೆ ಇಡೀ ಕಾಲುವೆಯನ್ನು ಕೊಂಡಿತು. ಕಾಲುವೆಯೂ ರೈಲೂ ಒಂದನ್ನೊಂದು ಸೋಲಿಸಲು ಹೊರಟು, ಕೊನೆಗೆ ಸೈಕಲ್ಲಿನ ಕೆಳಗೆ ಒಂದಾಗಿವೆ.

ಈಗ ಮಳೆಗೆ ಬರೋಣ. ರೈಲು ದಾರಿಯನ್ನು ಕಟ್ಟುವವನ ಮೊದಲ ಚಿಂತೆ ನೀರನ್ನು ಹೊರಗೆ ಹಾಕುವುದು. ಹಳಿಯ ಕೆಳಗೆ ಜಲ್ಲಿ ಹಾಸುತ್ತಾನೆ, ಎರಡೂ ಬದಿಗೆ ಚರಂಡಿ ತೆಗೆಯುತ್ತಾನೆ, ನೀರು ನಿಂತರೆ ಹಳಿ ಕುಸಿಯುತ್ತದೆ ಎಂದು ಅವನಿಗೆ ಗೊತ್ತು. ಕಾಲುವೆ ಕಟ್ಟುವವನ ಚಿಂತೆ ತಿರುಗಾಮುರುಗಾ. ನೀರು ಸೋರಿಹೋಗಬಾರದು. ಅದಕ್ಕಾಗಿ ಜಿಗುಟು ಮಣ್ಣನ್ನು ನೀರಿನಲ್ಲಿ ಕಲಸಿ, ತುಳಿದು, ಒತ್ತಿ ಕಾಲುವೆಯ ಹೊಟ್ಟೆಗೂ ದಂಡೆಗೂ ಮೆತ್ತುತ್ತಾನೆ. ನಮ್ಮ ಕೆರೆ ಏರಿ ಕಟ್ಟಿದವರು ಮಾಡಿದ್ದೂ ಇದನ್ನೇ. ಹೀಗೆ 540 ಕಿಲೋಮೀಟರಿನ ಈ ದಾರಿಯಲ್ಲಿ ಅರ್ಧ ನೀರನ್ನು ಬಿಡಲು ಕಟ್ಟಿದ್ದು, ಅರ್ಧ ನೀರನ್ನು ಹಿಡಿಯಲು ಕಟ್ಟಿದ್ದು. ಮೇಲೆ ಬೀಳುವ ಮಳೆ ಒಂದೇ. ಅಲೆಘೇನಿ ದಾರಿಯ ಸುಣ್ಣಕಲ್ಲಿನ ಪುಡಿ ಒಂದು ಗಂಟೆಯ ಮಳೆಯನ್ನು ಕುಡಿದು ಸುಮ್ಮನಾಗುತ್ತದೆ, ಚಕ್ರ ಸ್ವಲ್ಪ ಭಾರವಾಗುತ್ತದೆ, ಬಟ್ಟೆಗೆ ಬೂದು ಬಣ್ಣದ ಚುಕ್ಕೆ ಹಾರುತ್ತದೆ, ಅಷ್ಟೆ. ಕಂಬರ್ಲೆಂಡ್ ದಾಟಿ ಟೋಪಾತಿಗೆ ಇಳಿದರೆ ಅದೇ ಮಳೆ ಗುಂಡಿಗಳಲ್ಲಿ ಎರಡು ದಿನ ನಿಲ್ಲುತ್ತದೆ. ಹಣ ಒದಗಿದ ಕಡೆ ಜಲ್ಲಿಪುಡಿ ಹಾಕಿ ಮೇಲ್ಮೈ ಸುಧಾರಿಸಿದ್ದಾರೆ, ಉಳಿದ ಕಡೆ ಮಣ್ಣೇ ಗತಿ. ಹಾಗಾಗಿ ‘ಮಳೆಯಲ್ಲಿ ದಾರಿ ಹೇಗಿರುತ್ತದೆ’ ಎಂಬ ಪ್ರಶ್ನೆಗೆ ಹವಾಮಾನ ವರದಿಯಲ್ಲಿ ಉತ್ತರ ಸಿಗುವುದಿಲ್ಲ, ಆ ದಾರಿಯನ್ನು ಯಾವ ಕೆಲಸಕ್ಕೆಂದು ಕಟ್ಟಿದರು ಎಂಬುದರಲ್ಲಿ ಸಿಗುತ್ತದೆ.

ಆ ಮಣ್ಣು ಸೈಕಲ್ಲಿಗೆ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೊದಲು ಟಯರಿನ ಹಲ್ಲುಗಳ ನಡುವೆ ತೆಳುವಾಗಿ ಕೂರುತ್ತದೆ. ಉದುರಿದ ಎಲೆ, ಕಡ್ಡಿ ಅದಕ್ಕೆ ಅಂಟಿ ನಾರು ಸೇರಿದ ಗಾರೆಯಂತಾಗುತ್ತದೆ. ಚಕ್ರ ತಿರುಗಿದಂತೆಲ್ಲ ಅದು ಮೇಲಕ್ಕೇರಿ ಮಡ್‌ಗಾರ್ಡಿನ ಒಳಗೆ ತುಂಬಿಕೊಳ್ಳುತ್ತದೆ, ಮಳೆಗಾಗಿಯೇ ಹಾಕಿಸಿದ ಮಡ್‌ಗಾರ್ಡು ಬ್ರೇಕಿನ ಹಾಗೆ ಚಕ್ರವನ್ನು ಹಿಡಿಯತೊಡಗುತ್ತದೆ. ಇಳಿದು ಕಡ್ಡಿಯಿಂದ ಕೆರೆದು ತೆಗೆಯಬೇಕು, ಅರ್ಧ ಮೈಲಿಗೆ ಮತ್ತೆ ಅದೇ. ಧಾರವಾಡ, ಗದಗದ ಎರೆಹೊಲದಲ್ಲಿ ಮಳೆಗಾಲಕ್ಕೆ ಚಕ್ಕಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೈನಿಗೆ ಮರಳು ಸೇರಿ ಪ್ರತಿ ಸುತ್ತಿಗೂ ಕರಕರ ಎನ್ನುತ್ತದೆ, ಗೇರು ಬೀಳುವುದಿಲ್ಲ. ರಿಮ್ಮು ಹಿಡಿಯುವ ಬ್ರೇಕಾದರೆ ಒತ್ತಿದ ಮೇಲೆ ಚಕ್ರ ಎರಡು ಸುತ್ತು ಹೋಗಿ ನೀರು ಒರೆಸಿದ ನಂತರವೇ ಕಚ್ಚುತ್ತದೆ. ಮರದ ಹಲಗೆಯ ಸೇತುವೆ ಸಾಬೂನು ಹಚ್ಚಿದಂತೆ ಜಾರುತ್ತದೆ. ಒಣಗಿದ ದಿನ ತಾಸಿಗೆ 18 ಕಿಲೋಮೀಟರ್ ಹೋಗುವ ಸವಾರ 10ಕ್ಕೆ ಇಳಿಯುತ್ತಾನೆ, ಅಷ್ಟು ನಿಧಾನಕ್ಕೆ ಮೈಯಲ್ಲಿ ಬಿಸಿ ಹುಟ್ಟುವುದಿಲ್ಲ, ಒದ್ದೆ ಬಟ್ಟೆಗೆ ಗಾಳಿ ಸೋಕಿ ಚಳಿ ಹಿಡಿಯುತ್ತದೆ. ಕೈಬೆರಳು ಮರಗಟ್ಟಿದವನಿಗೆ ಬ್ರೇಕು ಒತ್ತುವುದೂ ಕಷ್ಟ, ಯೋಚನೆಯೂ ಮಂದವಾಗುತ್ತದೆ. ಈ ಸ್ಥಿತಿಯಲ್ಲಿರುವವನ ಮುಂದೆ ‘ದಾರಿ ಮುಚ್ಚಿದೆ’ ಎಂಬ ಫಲಕ ಬಂದರೆ ಅದರ ಪ್ರತಿ ಅಕ್ಷರಕ್ಕೂ ತೂಕವಿದೆ. ಎಂಟು ಕಿಲೋಮೀಟರಿನ ಸುತ್ತು ಬೆಳಗಿನ ಹೊತ್ತು, ಬಿಸಿಲಿನಲ್ಲಿ, ಹಗುರವಾದ ಅಡ್ಡಿ. ಸಂಜೆ ಐದಕ್ಕೆ, ಮಳೆಯಲ್ಲಿ, ಮುಂದೆ ಎಲ್ಲಿ ಕೂಡುತ್ತದೆಂದು ಗೊತ್ತಿಲ್ಲದಿದ್ದರೆ ಅದು ಅಪಾಯ. ದೂರಕ್ಕಿಂತ ಈ ಗೊತ್ತಿಲ್ಲದಿರುವುದೇ ಮನುಷ್ಯನನ್ನು ಹೆಚ್ಚು ದಣಿಸುತ್ತದೆ.

ಆದ್ದರಿಂದ ಬಳಸುದಾರಿಯ ಫಲಕ ಮೂರು ಮಾತು ಹೇಳಲೇಬೇಕು: ಎಲ್ಲಿ ಬಿಡಬೇಕು, ಎಷ್ಟು ದೂರ, ಎಲ್ಲಿ ಮತ್ತೆ ಸೇರಬೇಕು. ಇದರ ಜೊತೆಗೆ ನಾಲ್ಕನೆಯದಾಗಿ, ಕಡಿದ ಜಾಗಕ್ಕೆ ಬಂದ ಮೇಲೆ ಹೇಳಿದರೆ ಸಾಲದು, ತಿರುಗಲು ಅನುಕೂಲವಿರುವ ಹಿಂದಿನ ಊರಿನಲ್ಲೇ ಹೇಳಬೇಕು. ಕಾಲುವೆ ದಂಡೆಯಲ್ಲಿ ಇದು ಬಹಳ ಮುಖ್ಯ. ಒಂದು ಕಡೆ ಹಳೆಯ ಕಾಲುವೆ, ಇನ್ನೊಂದು ಕಡೆ ನದಿ, ನಡುವೆ ಮೈಲಿಗಟ್ಟಲೆ ಅಡ್ಡದಾರಿ ಸಿಗದ ಜಾಗಗಳಿವೆ. ಅಲ್ಲಿ ತಡವಾಗಿ ಹೇಳಿದ ಸತ್ಯ ಸುಳ್ಳಿಗೆ ಸಮ.

ಒಳ್ಳೆಯ ಬಳಸುದಾರಿ ಹೇಗಿರುತ್ತದೆ ಎಂಬುದಕ್ಕೆ ಇದೇ ದಾರಿಯ ನಡುವಿನಲ್ಲಿ, ಹ್ಯಾನ್‌ಕಾಕ್ ಎಂಬ ಪುಟ್ಟ ಊರಿನ ಸುತ್ತ, ನಿದರ್ಶನವಿದೆ. ಬಿಗ್ ಪೂಲ್ ಎಂಬಲ್ಲಿಂದ ಲಿಟಲ್ ಓರ್ಲಿಯನ್ಸ್ ಕಡೆಗೆ ಸುಮಾರು 45 ಕಿಲೋಮೀಟರ್ ಟೋಪಾತಿನ ಪಕ್ಕಪಕ್ಕದಲ್ಲೇ ಇನ್ನೊಂದು ದಾರಿ ಹೋಗುತ್ತದೆ. ಅದು ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ ಟ್ರೇಲ್, ಹಳೆಯ ರೈಲು ಜಾಗಕ್ಕೆ ಡಾಂಬರು ಹಾಕಿದ್ದು. ಟೋಪಾತ್ ಕೆಸರಾದ ದಿನ ದೂರದ ಸವಾರರು ಕಾಲುವೆ ಬಿಟ್ಟು ಇದಕ್ಕೆ ಹತ್ತಿಕೊಳ್ಳುತ್ತಾರೆ, ಕೆಸರು ಕೆರೆಯುವ ಕಡ್ಡಿ ಎಸೆದು ಡಾಂಬರಿನ ಮೇಲೆ ಉಸಿರು ಬಿಡುತ್ತಾರೆ. ಅಡ್ಡಿಯಾಗಿ ಬರುವ ಸುತ್ತು ಇಲ್ಲಿ ಉಪಕಾರವಾಗಿ ಬಂದಿದೆ. ಇದೇ ದಾರಿಯಲ್ಲಿ ಇನ್ನೂ ಒಂದು ಸುತ್ತು ಇದೆ, ನನಗೆ ಬಹಳ ಮೆಚ್ಚಿಗೆಯಾದದ್ದು. ಲಿಟಲ್ ಓರ್ಲಿಯನ್ಸ್ ಕಡೆಗೆ ಟ್ರೇಲನ್ನು ಬೆಳೆಸುವಾಗ ಇಂಡಿಗೊ ಎಂಬ ಹಳೆಯ ರೈಲು ಸುರಂಗ ಎದುರಾಯಿತು. ರೈಲು ನಿಂತ ಮೇಲೆ ಅದು ಬಾವಲಿಗಳ ಮನೆಯಾಗಿತ್ತು, ಚಳಿಗಾಲದ ದೀರ್ಘ ನಿದ್ದೆಗೆ ಅವು ಬಂದು ತಲೆಕೆಳಗಾಗಿ ನೇತುಬೀಳುವ ಜಾಗ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯಲ್ಲಿ ಮೊದಲು ಕಂಡ ಬಿಳಿಮೂಗಿನ ಬೂಷ್ಟುರೋಗ ಅಮೆರಿಕದ ಬಾವಲಿಗಳನ್ನು ಲಕ್ಷಗಟ್ಟಲೆ ಕೊಂದಿದೆ, ನಿದ್ದೆಯಿಂದ ಅಕಾಲದಲ್ಲಿ ಎದ್ದ ಬಾವಲಿ ಮೈಯ ಕೊಬ್ಬು ಕರಗಿ ಸಾಯುತ್ತದೆ. ನೇರ ಸುರಂಗದೊಳಗೆ ಡಾಂಬರು ಹಾಕಿ ದೀಪ ಹಚ್ಚಬಹುದಿತ್ತು. ಹಾಗೆ ಮಾಡದೆ ಸುರಂಗವನ್ನು ಬಾವಲಿಗಳಿಗೇ ಬಿಟ್ಟು, ಸವಾರರನ್ನು ಸ್ವಲ್ಪ ದೂರ ಕೆಳಗಿನ ಟೋಪಾತಿಗೆ ಇಳಿಸಿ ಮತ್ತೆ ಮೇಲಕ್ಕೆ ಕರೆದುಕೊಂಡರು. ಮಳೆಯಲ್ಲಿ ಆ ತುಂಡು ಕೆಸರೇ. ಆದರೂ ಕಾರಣ ಗೊತ್ತಿರುವ ಕೆಸರಿಗೂ ಕಾರಣ ಗೊತ್ತಿಲ್ಲದ ಕೆಸರಿಗೂ ವ್ಯತ್ಯಾಸವಿದೆ. ಅಲೆಘೇನಿ ದಾರಿಯ ಬಿಗ್ ಸ್ಯಾವೇಜ್ ಸುರಂಗ ಒಂದು ಕಿಲೋಮೀಟರ್ ಉದ್ದದ್ದು. ಅದಕ್ಕೆ ಚಳಿಗಾಲದಲ್ಲಿ ಬಾಗಿಲು ಹಾಕುತ್ತಾರೆ, ಒಸರುವ ನೀರು ಹೆಪ್ಪುಗಟ್ಟಿ ಗೋಡೆ ಸೀಳದಿರಲಿ ಎಂದು. ಅದನ್ನೂ ಮುಂಚಿತವಾಗಿ, ತಿಂಗಳು ಹೇಳಿ, ಸಾರುತ್ತಾರೆ.

ಕೆಟ್ಟ ಬಳಸುದಾರಿಯೂ ಇಲ್ಲೇ ಇತ್ತು, ಅದನ್ನು ಮುಚ್ಚಿಡಬಾರದು. ಪೊಟೋಮ್ಯಾಕಿಗೆ ಅಡ್ಡಲಾಗಿ ಕಟ್ಟಿದ ನಾಲ್ಕನೆಯ ಅಣೆಕಟ್ಟಿನ ಹಿಂದೆ ಬಿಗ್ ಸ್ಲ್ಯಾಕ್‌ವಾಟರ್ ಎಂಬ ಜಾಗವಿದೆ. ಅಲ್ಲಿ ಬಂಡೆ ನದಿಗೆ ಒತ್ತಿ ನಿಂತಿರುವುದರಿಂದ ಕಾಲುವೆ ತೋಡಲು ಸ್ಥಳವಿರಲಿಲ್ಲ. ದೋಣಿಗಳು ನದಿಗೇ ಇಳಿಯುತ್ತಿದ್ದವು, ಹೇಸರಗತ್ತೆಗಳು ಬಂಡೆಯ ಬುಡದಲ್ಲಿ ಕಡಿದ ಅಂಚಿನ ಮೇಲೆ ನಡೆಯುತ್ತಿದ್ದವು. 1972ರಲ್ಲಿ ಆಗ್ನೆಸ್ ಚಂಡಮಾರುತದ ಮಳೆ ಕಾಲುವೆಯುದ್ದಕ್ಕೂ ದಂಡೆ ಕಿತ್ತಿತ್ತು. 1996ರಲ್ಲಿ ಒಂದೇ ವರ್ಷ ಎರಡು ದೊಡ್ಡ ಪ್ರವಾಹ ಬಂದವು, ಜನವರಿಯಲ್ಲಿ ಹಿಮ ಕರಗಿ ಒಂದು, ಸೆಪ್ಟೆಂಬರಿನಲ್ಲಿ ಫ್ರಾನ್ ಚಂಡಮಾರುತದಿಂದ ಇನ್ನೊಂದು. ಸ್ಲ್ಯಾಕ್‌ವಾಟರಿನ ಅಂಚು ಅದರಿಂದ ಚೇತರಿಸಿಕೊಳ್ಳಲಿಲ್ಲ. ದಾರಿ ಮುಚ್ಚಿ ಸವಾರರನ್ನೂ ನಡೆಯುವವರನ್ನೂ ಮೇಲಿನ ಹಳ್ಳಿ ರಸ್ತೆಗೆ ತಿರುಗಿಸಿದರು. ಆ ರಸ್ತೆ ಕಿರಿದು, ಏರಿಳಿತ ಬಹಳ, ಪಕ್ಕಕ್ಕೆ ಸರಿದು ನಿಲ್ಲಲು ಅಂಚೇ ಇಲ್ಲ, ತಿರುವಿನಾಚೆ ಬರುವ ಕಾರು ಕಾಣುವುದಿಲ್ಲ. ಮಳೆಯಲ್ಲಿ ಕಾರಿನವನಿಗೂ ಸೈಕಲ್ಲಿನವನು ಕಾಣುವುದಿಲ್ಲ. ಮೋಟಾರಿನಿಂದ ದೂರವಿರಲೆಂದೇ ನೂರಾರು ಕಿಲೋಮೀಟರ್ ಬಂದವನನ್ನು ಅತ್ಯಂತ ಇಕ್ಕಟ್ಟಿನ ಕಡೆ ಮೋಟಾರಿನ ಬಾಯಿಗೆ ಕೊಟ್ಟ ಹಾಗೆ ಆಯಿತು. ಬಂಡೆಗೆ ತಾಗಿ ನದಿಯ ಮೇಲೆ ಕಾಂಕ್ರೀಟ್ ಹಾಸಿನ ಹೊಸ ದಾರಿ ತೆರೆದದ್ದು 2012ರಲ್ಲಿ, ಎಂದರೆ ಹದಿನಾರು ವರ್ಷದ ನಂತರ.

ಇಲ್ಲಿಯೇ ನನ್ನ ವಾದಕ್ಕೆ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಬಳಸುದಾರಿಯನ್ನು ಹೊಗಳಿದರೆ ದುರಸ್ತಿ ಮಾಡದವರಿಗೆ ನೆಪ ಕೊಟ್ಟಂತಾಗುವುದಿಲ್ಲವೇ? ಬಾಣದ ಗುರುತಿನ ಒಂದು ಹಲಗೆ ನೆಟ್ಟು ಹದಿನಾರು ವರ್ಷ ಕೈಕಟ್ಟಿ ಕುಳಿತುಕೊಳ್ಳಬಹುದಲ್ಲ? ಈ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪುತ್ತೇನೆ. ಬಳಸುದಾರಿಗೆ ವಯಸ್ಸಾಗಬಾರದು, ವಯಸ್ಸಾದರೆ ಅದೇ ದಾರಿ ಎನಿಸಿಕೊಳ್ಳುತ್ತದೆ, ಹಳೆಯದನ್ನು ಕೇಳುವವರೂ ಕಡಿಮೆಯಾಗುತ್ತಾರೆ. ಆದರೆ ಸ್ಲ್ಯಾಕ್‌ವಾಟರಿನಲ್ಲಿ ಆದದ್ದನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ಆ ಸುತ್ತು ಅಷ್ಟು ಅಪಾಯದ್ದಾಗಿದ್ದರಿಂದಲೇ ಕಾಂಕ್ರೀಟ್ ದಾರಿಗೆ ಸುಮಾರು 1 ಕೋಟಿ 90 ಲಕ್ಷ ಡಾಲರ್ ಸುರಿಯುವುದನ್ನು ಸಮರ್ಥಿಸಲು ಸಾಧ್ಯವಾಯಿತು. ನಾಲ್ಕೂವರೆ ಕಿಲೋಮೀಟರಿಗಿಂತ ಕಡಿಮೆ ಉದ್ದಕ್ಕೆ ಇಷ್ಟು ಹಣ ಯಾಕೆ ಎಂದು ಕೇಳಿದವರಿಗೆ ಉತ್ತರ ಮೇಲಿನ ರಸ್ತೆಯಲ್ಲೇ ಇತ್ತು. ಬಳಸುದಾರಿಯನ್ನು ಗಂಭೀರವಾಗಿ ಪರೀಕ್ಷಿಸಿದಾಗ ಮಾತ್ರ ಯಾವ ದುರಸ್ತಿ ಮೊದಲು, ಯಾವುದು ಕಾಯಬಹುದು ಎಂದು ಗೊತ್ತಾಗುತ್ತದೆ. ಇದೇ ಕಾಲುವೆಯ ಪಾ ಪಾ ಸುರಂಗದ ಉದಾಹರಣೆಯೊಂದಿಗೆ ಹೋಲಿಸಿ ನೋಡಿ. ಪೊಟೋಮ್ಯಾಕ್ ಅಲ್ಲಿ ಹಾವಿನಂತೆ ಸುತ್ತಿ ಸುಮಾರು ಆರು ಮೈಲಿ ತಿರುಗುತ್ತದೆ. ಆ ತಿರುಗಾಟ ತಪ್ಪಿಸಲು 1836ರಲ್ಲಿ ಗುಡ್ಡ ಕೊರೆಯಲು ಶುರುಮಾಡಿ, ಹಣ ಮುಗಿದು ನಡುವೆ ವರ್ಷಗಟ್ಟಲೆ ಕೆಲಸ ನಿಂತು, 1850ರಲ್ಲಿ 950 ಮೀಟರ್ ಉದ್ದದ ಸುರಂಗ ಮುಗಿಸಿದರು. ಒಳಗಿನ ಕಮಾನಿಗೆ 60 ಲಕ್ಷ ಇಟ್ಟಿಗೆ ಹಿಡಿಯಿತು. ಸುರಂಗದಿಂದ ಹೊರಬಂದ ಕೂಡಲೇ ಆಳವಾದ ಕಣಿವೆಯಂಥ ಕಡಿತ, ಪದರುಪದರಾದ ಕಲ್ಲು, ಪದರದ ಸಂದಿಗೆ ಮಳೆನೀರು ಇಳಿದು ಕಲ್ಲು ಜಾರುತ್ತದೆ. ಅದನ್ನು ಭದ್ರಪಡಿಸುವ ಕೆಲಸ ನಡೆದಷ್ಟು ಕಾಲ ಸವಾರರು ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಏರಿ ಇಳಿಯಬೇಕಾಯಿತು. ಕಷ್ಟದ ಏರು, ಮಳೆಯಲ್ಲಿ ಇನ್ನೂ ಕಷ್ಟ, ಆದರೆ ಅಲ್ಲಿ ಕಾರುಗಳಿಲ್ಲ. ಸುರಂಗ ಕೊರೆಯಲು ಬಂದ ಕೆಲಸಗಾರರು ಓಡಾಡಿದ್ದೂ ಆ ಗುಡ್ಡದ ಮೇಲೆಯೇ. ಎರಡೂ ಸುತ್ತುಗಳೇ. ಒಂದು ದಣಿಸುತ್ತದೆ, ಇನ್ನೊಂದು ಜೀವಕ್ಕೇ ಕುತ್ತು ತರುತ್ತದೆ. ಈ ವ್ಯತ್ಯಾಸ ಗುರುತಿಸದವರ ಕೈಗೆ ದಾರಿ ಕೊಡಬಾರದು.

ಎರಡನೆಯ ಆಕ್ಷೇಪ ಸರಳ: ಮಳೆಯಲ್ಲಿ ಯಾರು ಹೋಗೆಂದರು? ಮನೆಯಲ್ಲಿರಲಿ. ಗುಡ್ಡಗಾಡಿನ ಕಿರಿದಾದ ಮಣ್ಣುಹಾದಿಗಳಲ್ಲಿ ಓಡಿಸುವವರಿಗೆ ಈ ಬುದ್ಧಿಮಾತು ಸರಿಯಾದದ್ದೇ. ಒದ್ದೆ ಹಾದಿಯಲ್ಲಿ ಹೋದ ಒಂದೊಂದು ಚಕ್ರವೂ ಸಾಲು ಕೊರೆಯುತ್ತದೆ, ಸಾಲು ಮುಂದಿನ ಮಳೆಗೆ ಚರಂಡಿಯಾಗುತ್ತದೆ, ಬಿಸಿಲಿಗೆ ಒಣಗಿ ಗಟ್ಟಿಯಾದರೆ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಅಲ್ಲಿ ಕಾಯುವುದೇ ಹಾದಿಗೆ ಮಾಡುವ ಮರ್ಯಾದೆ. ಆದರೆ ದೂರದ ಪ್ರಯಾಣದ ಲೆಕ್ಕ ಬೇರೆ. ಐದಾರು ದಿನದ ಪ್ರಯಾಣದ ಮೂರನೆಯ ದಿನ ಮಳೆ ಹಿಡಿದವನಿಗೆ ಮನೆ ಹಿಂದೆಯೂ ದೂರ, ಮುಂದೆಯೂ ದೂರ. ನದಿ ದಂಡೆಯಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಎಂದು ಮಾಡಿದ ಡೇರೆ ಜಾಗಗಳಿವೆ, ಕೈಪಂಪು ಇದೆ, ಆದರೆ ಒಣಗಿಸಿಕೊಳ್ಳಲು ಸೂರಿಲ್ಲ. ಅಂಥ ಕಡೆ ಒದ್ದೆಯಾಗಿ ಕೂರುವುದಕ್ಕಿಂತ ಮುಂದಿನ ಊರಿಗೆ ಹೋಗುವುದೇ ಕ್ಷೇಮ. ಹೋಗುವ ಬಗೆಯಲ್ಲಿ ಮಾತ್ರ ಒಂದು ಕಟ್ಟಳೆ ಇರಬೇಕು. ನೀರು ನಿಂತ ಗುಂಡಿ ಕಂಡರೆ ಪಕ್ಕದ ಹುಲ್ಲಿನ ಮೇಲೆ ಬಳಸಿ ಹೋಗಬಾರದು, ಗುಂಡಿಯ ನಡುವೆಯೇ ನಿಧಾನಕ್ಕೆ ಹೋಗಬೇಕು. ಪ್ರತಿಯೊಬ್ಬರೂ ಪಕ್ಕಕ್ಕೆ ಸರಿದರೆ ಗುಂಡಿ ಅಗಲವಾಗುತ್ತ ದಂಡೆಯನ್ನೇ ತಿನ್ನುತ್ತದೆ. ತನ್ನ ಬೂಟು ಉಳಿಸಿಕೊಳ್ಳಲು ಪ್ರತಿಯೊಬ್ಬನೂ ಸ್ವಂತ ಬಳಸುದಾರಿ ಮಾಡಿಕೊಂಡಾಗ ಎಲ್ಲರ ದಾರಿಯೂ ಹಾಳಾಗುತ್ತದೆ.

ಹಾಗಾದರೆ ಪೂರ್ತಿ ಡಾಂಬರು ಹಾಕಿ ಈ ರಗಳೆ ಮುಗಿಸಬಾರದೇ ಎನ್ನುವವರಿಗೆ ಉತ್ತರ ನದಿ ಕೊಡುತ್ತದೆ. 1889, 1924, 1936, 1972, 1996, ಹೀಗೆ ಪೊಟೋಮ್ಯಾಕ್ ಈ ದಂಡೆಯ ಮೇಲೆ ಮತ್ತೆ ಮತ್ತೆ ಹತ್ತಿದೆ. ಮಣ್ಣಿನ ದಂಡೆ ಕೊಚ್ಚಿಹೋದರೆ ಮಣ್ಣು ತಂದು ತುಂಬಬಹುದು. ಡಾಂಬರಿನ ಕೆಳಗಿನ ಮಣ್ಣು ಹೋದರೆ ಚಪ್ಪಡಿ ಮುರಿದು ಬೀಳುತ್ತದೆ, ಮೊದಲು ಅದನ್ನು ಎತ್ತಿ ಹಾಕಬೇಕು. ಹ್ಯಾನ್‌ಕಾಕಿನ ಡಾಂಬರು ದಾರಿ ಬಾಳುತ್ತಿರುವುದು ಅದು ಸ್ವಲ್ಪ ಎತ್ತರದ ರೈಲು ಜಾಗದಲ್ಲಿರುವುದರಿಂದ. ಇನ್ನೊಂದು ಮಾತೂ ಇದೆ. 1950ರ ಹೊತ್ತಿಗೆ ಈ ಕಾಲುವೆಯ ಮೇಲೆ ಮೋಟಾರು ರಸ್ತೆಯನ್ನೇ ಮಾಡಿಬಿಡುವ ಯೋಜನೆಯಿತ್ತು, 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಸಂಪಾದಕೀಯವೂ ಅದನ್ನು ಬೆಂಬಲಿಸಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಪತ್ರಿಕೆಗೆ ಓಲೆ ಬರೆದು, ನಿಮ್ಮ ಸಂಪಾದಕರು ನನ್ನೊಂದಿಗೆ ಈ ದಂಡೆಯ ಮೇಲೆ ನಡೆದು ನೋಡಲಿ ಎಂದರು. ಮಾರ್ಚ್ ತಿಂಗಳ ಚಳಿಯಲ್ಲಿ ಕಂಬರ್ಲೆಂಡಿನಿಂದ ಹೊರಟ ನಡಿಗೆ ಎಂಟು ದಿನ ನಡೆಯಿತು, ಇಡೀ ದೂರ ಮುಗಿಸಿದವರು ಡಗ್ಲಸರೂ ಸೇರಿ ಒಂಬತ್ತು ಮಂದಿ. ಪತ್ರಿಕೆ ತನ್ನ ನಿಲುವು ಸಡಿಲಿಸಿತು, ರಸ್ತೆ ಯೋಜನೆ ಬಿದ್ದುಹೋಯಿತು, 1971ರಲ್ಲಿ ಕಾಲುವೆ ರಾಷ್ಟ್ರೀಯ ಚಾರಿತ್ರಿಕ ಉದ್ಯಾನವಾಯಿತು. ಈ ದಾರಿ ಇವತ್ತು ಇರುವುದೇ ಅದನ್ನು ಸುಗಮ ಮಾಡಬೇಡಿ ಎಂದು ಕೇಳಿಕೊಂಡವರಿಂದ. ಹಾಗೆಂದು ಮೇಲ್ಮೈಯನ್ನು ಮುಟ್ಟಲೇಬಾರದು ಎನ್ನುವವನು ನಾನಲ್ಲ, ಗಾಲಿಕುರ್ಚಿಯಲ್ಲಿ ಬರುವವರಿಗೂ ಚಿಕ್ಕ ಮಕ್ಕಳಿಗೂ ಜಲ್ಲಿಪುಡಿಯ ಗಟ್ಟಿ ನೆಲ ಬೇಕೇಬೇಕು.

ಡಗ್ಲಸರ ನಡಿಗೆಯಿಂದ ಹುಟ್ಟಿದ ಸಂಘವೊಂದು ಇನ್ನೂ ಕೆಲಸ ಮಾಡುತ್ತಿದೆ, ನನ್ನ ವಾದದ ಗಟ್ಟಿ ಆಧಾರ ಅಲ್ಲಿದೆ. ದೋಣಿಗಳು ಓಡುತ್ತಿದ್ದ ಕಾಲದಲ್ಲಿ ಕಾಲುವೆ ಕಂಪನಿ ಲೆವೆಲ್ ವಾಕರ್ ಎಂಬ ಕೆಲಸಗಾರರನ್ನು ಇಟ್ಟಿತ್ತು. ದೋಣಿಯನ್ನು ಏರಿಸಿ ಇಳಿಸುವ ಎರಡು ಲಾಕುಗಳ ನಡುವಿನ ಸಮತಟ್ಟು ಪಾತಳಿಗೆ ಲೆವೆಲ್ ಎಂದು ಹೆಸರು. ಆ ಕಾಲುವೆಯಲ್ಲಿ ಅಂಥ 74 ಲಾಕುಗಳಿದ್ದವು. ವಾಕರ್ ತನ್ನ ಪಾಲಿನ ದಂಡೆಯ ಮೇಲೆ ಸಲಿಕೆ ಹಿಡಿದು ನಡೆಯುತ್ತ, ಮಸ್ಕ್‌ರ್ಯಾಟ್ ಎಂಬ ನೀರಿಲಿ ತೋಡಿದ ಬಿಲ, ಸೋರಿಕೆ, ಬಿರುಕು ನೋಡಿ ಚಿಕ್ಕದಿದ್ದಾಗಲೇ ಮುಚ್ಚಬೇಕು. ನಮ್ಮ ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ನೀರಗಂಟಿ ಇದ್ದ ಹಾಗೆ ಇವನು. ಮಳೆ ಹೆಚ್ಚಾದ ರಾತ್ರಿ ಊರೆಲ್ಲ ಮಲಗಿದ್ದರೂ ಏರಿಯ ಮೇಲೆ ಲಾಂದ್ರ ಹಿಡಿದು ಹೋಗಬೇಕಾದವನು ನೀರಗಂಟಿಯೇ, ತೂಬಿನ ಹತ್ತಿರ ಒಸರು ಕಂಡರೆ ಮೊದಲು ಕೂಗುವವನೂ ಅವನೇ. ಆ ಕೆಲಸ ಕಾಲುವೆಯಲ್ಲಿ ದೋಣಿಯೊಂದಿಗೇ ಹೋಯಿತು, ಹೆಸರು ಮಾತ್ರ ತಿರುಗಿ ಬಂತು. ಈಗ ಸಂಘದ ಸ್ವಯಂಸೇವಕರು ಲೆವೆಲ್ ವಾಕರುಗಳೆಂದೇ ಕರೆಸಿಕೊಂಡು, ಕಾಲುವೆಯ ಒಂದೊಂದು ತುಂಡನ್ನು ತಮ್ಮದೆಂದು ವಹಿಸಿಕೊಂಡು ನಡೆದು, ಕಸ ಹೆಕ್ಕಿ, ಬಿದ್ದ ಮರ, ಕುಸಿದ ದಂಡೆ ಎಲ್ಲಿದೆ ಎಂದು ವರದಿ ಕೊಡುತ್ತಾರೆ. ಬಳಸುದಾರಿಯ ಫಲಕ ಸರಿಯಾದ ದಿನ, ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಯಾರೋ ಒಬ್ಬರು ಮೊದಲು ಮಳೆಯಲ್ಲಿ ನಡೆದು ಹೋಗಿ ನೋಡಿರಬೇಕು. ಕಚೇರಿಯ ನಕಾಶೆಯಲ್ಲಿ ಬಿರುಕು ಕಾಣುವುದಿಲ್ಲ. ಫಲಕ ತಪ್ಪಾಗಿರುವ ದಾರಿ ಎಂದರೆ ಯಾರೂ ನಡೆಯದ ದಾರಿ.

ದೂರದ ದೇಶದ ಸೈಕಲ್ ಹವ್ಯಾಸಕ್ಕೆ ಇಷ್ಟು ಮಾತು ಯಾಕೆ ಎಂದು ಕೆಲವು ಕೇಳುಗರಿಗೆ ಅನ್ನಿಸಿರಬಹುದು. ಬಳಸುದಾರಿ ನಮಗೇನೂ ಹೊಸತಲ್ಲ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಾಗ ಗಾಡಿಗಳು ಚಾರ್ಮಾಡಿಗೆ ತಿರುಗುತ್ತವೆ, ಚಾರ್ಮಾಡಿಯಲ್ಲೂ ಜರಿದರೆ ಸಂಪಾಜೆ. ಹಾಸನ, ಮಂಗಳೂರಿನ ನಡುವೆ ಆಷಾಢದಲ್ಲಿ ಓಡಾಡುವವರ ಬಾಯಲ್ಲಿ ಆ ಮೂರು ಹೆಸರೂ ಇರುತ್ತವೆ. ಅಲ್ಲಿಯೂ ಲಾರಿ ಚಾಲಕನನ್ನು ಕಂಗೆಡಿಸುವುದು ಹೆಚ್ಚಿನ ಕಿಲೋಮೀಟರುಗಳಿಗಿಂತ, ಸಕಲೇಶಪುರದಲ್ಲೇ ಹೇಳಬಹುದಾಗಿದ್ದ ಸುದ್ದಿಯನ್ನು ಘಟ್ಟದ ತಲೆಯ ಮೇಲೆ ಹೇಳುವುದು. ಟೋಪಾತಿನ ಸವಾರನೂ ಈ ಚಾಲಕನೂ ಕೇಳುವುದು ಒಂದನ್ನೇ: ಮುಂಚೆ ಹೇಳಿ, ಪೂರ್ತಿ ಹೇಳಿ, ಕಳಿಸುವ ದಾರಿಯನ್ನು ನೀವು ಒಮ್ಮೆ ನೋಡಿ ಬಂದು ಕಳಿಸಿ.

ಬಿಗ್ ಸ್ಲ್ಯಾಕ್‌ವಾಟರಿಗೆ ಮತ್ತೊಮ್ಮೆ ಹೋಗಿ ಮುಗಿಸುತ್ತೇನೆ. ಅಲ್ಲಿ ಕಟ್ಟಿದ ಕಾಂಕ್ರೀಟ್ ದಾರಿ ಬಂಡೆಯ ಬುಡಕ್ಕೆ ತಾಗಿಕೊಂಡು ನೀರಿನಿಂದ ಹೆಚ್ಚು ಎತ್ತರವಿಲ್ಲದೆ ಹೋಗುತ್ತದೆ. ಇನ್ನೂ ಎತ್ತರಕ್ಕೆ ಕಟ್ಟಬೇಕಿತ್ತು ಎನ್ನಿಸುವುದು ಸಹಜ. ಆದರೆ ಹಳೆಯ ಹೇಸರಗತ್ತೆಗಳ ಅಂಚು ಇದ್ದದ್ದು ಅಲ್ಲಿಯೇ, ಹೊಸ ಹಾಸೂ ಅದರ ಜಾಡನ್ನೇ ಹಿಡಿದಿದೆ. ಮೇಲ್ಗಡೆಯ ಗುಡ್ಡಗಳಲ್ಲಿ ಎರಡು ದಿನ ಮಳೆ ಹಿಡಿದರೆ ಪೊಟೋಮ್ಯಾಕ್ ಕೆಂಪಗೆ ಏರಿ ಆ ಹಾಸಿನ ಮೇಲೆ ಹರಿಯುತ್ತದೆ, ಮರದ ದಿಮ್ಮಿ, ಕೆಸರು ತಂದು ಸುರಿಯುತ್ತದೆ. ಆ ದಿನಗಳಲ್ಲಿ ದಾರಿ ಮುಚ್ಚುತ್ತದೆ. ನೀರು ಇಳಿದ ಮೇಲೆ ಕೆಲಸಗಾರರು ಸಲಿಕೆ, ಪೊರಕೆ ಹಿಡಿದು ಇಳಿಯುತ್ತಾರೆ, ದಿಮ್ಮಿಗಳನ್ನು ನದಿಗೆ ತಳ್ಳಿ, ಕಾಂಕ್ರೀಟಿನ ಮೇಲಿನ ಕೆಸರು ಕೆರೆದು, ಆಮೇಲೆ ಅಡ್ಡಗಟ್ಟೆ ತೆಗೆಯುತ್ತಾರೆ.